ಉಗುರು ಟೀಚರ್ ಮತ್ತು ಏಳು ಸಾಲಿನ ಪಟ

ಸೋಮವಾರ ಬೆಳಿಗ್ಗೆ ಆ ಶಾಲೆಯ ಮಕ್ಕಳು ಗೇಟಿನ ಹೊರಗೇ ನಿಂತು ಹಲ್ಲಿನಿಂದ ಉಗುರು ಕಡಿದುಕೊಳ್ಳುತ್ತಿದ್ದರು. ಉಗುರು ಕಡಿಯುವುದು ಕೆಟ್ಟ ಚಾಳಿ ಎಂದು ಹೇಳಿಕೊಟ್ಟವರೂ, ಅವರನ್ನು ಆ ಚಾಳಿಗೆ ಹಚ್ಚಿದವರೂ ಒಬ್ಬರೇ: ನಾಲ್ಕನೇ ಕ್ಲಾಸಿನ ಟೀಚರ್. ಬೆಳಗಿನ ಸಾಲು ನಿಂತ ಕೂಡಲೇ ಅವರು ಈ ತುದಿಯಿಂದ ಹೊರಟು ಒಂದೊಂದೇ ಪುಟ್ಟ ಕೈ ಹಿಡಿದು, ತಿರುಗಿಸಿ, ಬೆರಳು ಬಿಡಿಸಿ ನೋಡುತ್ತ ಹೋಗುತ್ತಿದ್ದರು. ಆ ತುದಿ ಮುಟ್ಟುವ ಹೊತ್ತಿಗೆ ಮೊದಲ ಗಂಟೆ ಹೊಡೆದು ಹತ್ತು ನಿಮಿಷ ಆಗಿರುತ್ತಿತ್ತು. ಮಕ್ಕಳು ಅವರನ್ನು ಉಗುರು ಟೀಚರ್ ಎನ್ನುತ್ತಿದ್ದರು. ಕೆಲವು ಮಕ್ಕಳ ಅಪ್ಪ ಅಮ್ಮಂದಿರೂ ಹಾಗೇ ಎನ್ನುತ್ತಿದ್ದರು, ಅವರೂ ಅದೇ ಸಾಲಿನಲ್ಲಿ ಕೈ ಚಾಚಿ ನಿಂತು ದೊಡ್ಡವರಾದವರು.

ಈ ಕೆಲಸ ಅವರ ಪಾಲಿಗೆ ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಶಾಲೆಗೊಬ್ಬರು ಆರೋಗ್ಯ ಶಿಕ್ಷಕರು ಬೇಕು, ರಜೆಯಲ್ಲಿ ಹತ್ತು ದಿನ ದೊಡ್ಡಾಸ್ಪತ್ರೆಯಲ್ಲಿ ತರಬೇತಿ ಎಂದು ಕಾಗದ ಬಂತು. ರಜೆ ಎಂಬ ಮಾತು ಕಿವಿಗೆ ಬೀಳುತ್ತಲೇ ಉಳಿದ ಮೇಷ್ಟ್ರುಗಳಿಗೆಲ್ಲ ಸೊಂಟನೋವು, ತಲೆಸುತ್ತು, ನೆಂಟರ ಮನೆಯ ಮದುವೆ ಎಲ್ಲ ಒಟ್ಟಿಗೇ ವಕ್ಕರಿಸಿದವು. ಹೊಸದಾಗಿ ಸೇರಿದ್ದ, ಎದುರು ಮಾತಾಡಲು ಬಾಯಿಲ್ಲದ ಇವರೇ ಹೋಗಬೇಕಾಯಿತು. ವಾಪಸು ಬರುವಾಗ ಒಂದು ತೂಕದ ಯಂತ್ರ, ಗಾಯಕ್ಕೆ ಹಚ್ಚುವ ಔಷಧಿಯ ಡಬ್ಬ, ಕಣ್ಣು ಪರೀಕ್ಷೆಯ ಒಂದು ಪಟ ತಂದರು. ಜೊತೆಗೆ ಬಾಯಿಯೂ ಬಂತು.

ಅವರು ಕೆಲಸ ಮಾಡಲಿಲ್ಲ ಎಂದು ಯಾರಾದರೂ ಹೇಳಿದರೆ ಹಾಗೆ ಹೇಳಿದವರ ನಾಲಗೆಗೆ ಹುಳ ಬೀಳುತ್ತದೆ. ನೀರಿನ ತೊಟ್ಟಿಗೆ ಮುಚ್ಚಳ ಹಾಕಿಸಿದವರು ಅವರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಹೆಡ್ ಮೇಷ್ಟ್ರ ರೂಮಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿ ಹಾಕಿಕೊಂಡು ಕೂತು, ಬಾಗಿಲು ಬಂದ ಮೇಲೇ ಎದ್ದವರು ಅವರು. ಒಬ್ಬ ಹುಡುಗ ಕರೆದರೆ ತಿರುಗುವುದಿಲ್ಲ, ಸೊಕ್ಕು ಎಂದು ಎಲ್ಲರೂ ಬೈಯುತ್ತಿದ್ದಾಗ, ಅವನ ಕಿವಿಯಲ್ಲಿ ಕೀವು ತುಂಬಿದ್ದನ್ನು ಕಂಡುಹಿಡಿದು ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. ಸೋಮವಾರ ಉಗುರು, ಮಂಗಳವಾರ ತಲೆ, ಬುಧವಾರ ಹಲ್ಲು. ವಾಚನಾಲಯದ ಪಕ್ಕದ ಸಣ್ಣ ಕೋಣೆ ಅವರದು. ಅದರೊಳಗಿನ ಬೀರುವಿನ ಬೀಗದ ಕೈ ಅವರ ಕೈಚೀಲದಲ್ಲಿ. ಇಪ್ಪತ್ತೆರಡು ಆರೋಗ್ಯದ ಪುಸ್ತಕಗಳು, ವರ್ಷಕ್ಕೊಂದು, ಆ ಬೀರುವಿನಲ್ಲಿ.

ಆ ಪುಸ್ತಕಗಳಲ್ಲಿ ಅವರಿಗೆ ತುಂಬ ಹೆಮ್ಮೆ ತಂದ ಕಾಲಮ್ಮು ಒಂದಿತ್ತು. ದೃಷ್ಟಿದೋಷ: ಇಲ್ಲ. ವರ್ಷ ವರ್ಷವೂ ಇಲ್ಲ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದನ್ನು ನೋಡಿ ಬೆರಗಾಗಿ, ಇಡೀ ಶಾಲೆಯಲ್ಲಿ ಒಂದು ಮಗುವಿಗೂ ಕಣ್ಣಿನ ತೊಂದರೆ ಇಲ್ಲವೆಂದರೆ ನಿಮ್ಮ ಕಾಳಜಿಗೆ ಏನು ಹೇಳಲಿ ಎಂದು ಪ್ರಶಂಸಾಪತ್ರ ಕಳಿಸಿದ್ದರು. ಅದಕ್ಕೆ ಚೌಕಟ್ಟು ಹಾಕಿಸಿ ಕೋಣೆಯಲ್ಲಿ ತೂಗುಹಾಕಿದ್ದರು.

ಕಣ್ಣಿನ ಪರೀಕ್ಷೆ ಶಾಲೆ ಶುರುವಾದ ತಿಂಗಳಲ್ಲಿ ನಡೆಯುತ್ತಿತ್ತು. ಅವರ ಕೋಣೆಯ ಗೋಡೆಯ ಮೇಲೆ ಪಟ. ಮೇಲೆ ಒಂದೇ ಒಂದು ದಪ್ಪ ಅಕ್ಷರ, ಅದರ ಕೆಳಗೆ ಎರಡು, ಹೀಗೆ ಸಣ್ಣದಾಗುತ್ತ ಒಟ್ಟು ಏಳು ಸಾಲು. ನೆಲದ ಮೇಲೆ ಬಿಳಿ ಗೆರೆ. ಮಗು ಗೆರೆಯ ಮೇಲೆ ನಿಂತು, ಒಂದು ಕಣ್ಣಿಗೆ ಅಂಗೈ ಮುಚ್ಚಿ, ಮೇಲಿನಿಂದ ಕೆಳಗೆ ಓದಬೇಕು. ತಡವರಿಸದೆ ಏಳೂ ಸಾಲು ಓದಿದವರ ಮುಂಗೈ ಮೇಲೆ ಕೆಂಪು ಶಾಯಿಯ ನಕ್ಷತ್ರ. ತಡವರಿಸಿದವರಿಗೆ ಟೀಚರ್ ಗದರದೆ, ಪ್ರೀತಿಯಿಂದಲೇ, "ಹೋಗು, ನಾಳೆ ಚೆನ್ನಾಗಿ ಓದ್ಕೊಂಡು ಬಾ" ಎನ್ನುತ್ತಿದ್ದರು. ಮಾರನೆಯ ದಿನ ಆ ಮಕ್ಕಳು ಬಂದು ಚೆನ್ನಾಗಿ ಓದುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಈ ಮಾತಿನಲ್ಲಿ ಏನಾದರೂ ಎಡವಟ್ಟಿದೆ ಎಂದು ಅವರಿಗೂ ಹೊಳೆಯಲಿಲ್ಲ, ಬೇರೆ ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರ ಕೆಲಸವೇ ಅದು ತಾನೆ, ಓದಿಕೊಂಡು ಬಾ ಎನ್ನುವುದು.

ಹೀಗಿರುವಾಗ ಹೊಸ ಟೀಚರ್ ಬಂದಳು. ಉಗುರು ಟೀಚರ್ ಆಕೆಯನ್ನು ಎದುರಿಗೆ "ನೀವು, ತಾವು" ಎಂದೂ ಮನಸ್ಸಿನಲ್ಲಿ "ಅವಳು" ಎಂದೂ ಕರೆಯುತ್ತಿದ್ದರು. ನಾವು ಅವರ ಮನಸ್ಸಿನ ಜೊತೆಗೇ ಹೋಗುತ್ತಿರುವುದರಿಂದ ನಮಗೂ ಅವಳೇ. ವಿಜ್ಞಾನ ಕಲಿಸಲು ವರ್ಗವಾಗಿ ಬಂದವಳು. ಇನ್ನೂ ಮೂವತ್ತು ತುಂಬಿಲ್ಲ, ನಕ್ಕರೆ ಒಸಡು ಕಾಣುತ್ತಿತ್ತು, ಅದರ ಬಗ್ಗೆ ಅವಳಿಗೆ ಸಂಕೋಚವೇ ಇರಲಿಲ್ಲ. ಬಂದ ವಾರದಲ್ಲೇ ಮನೆಯಿಂದ ಒಂದು ಕನ್ನಡಿ ತಂದು ನಲ್ಲಿಯ ಹತ್ತಿರ ಮಕ್ಕಳ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದಳು. ಕೈ ತೊಳೆಯುವುದಕ್ಕೆ ಒಂದು ಹಾಡು ಕಟ್ಟಿದಳು. ಹಾಡು ಮುಗಿಯುವವರೆಗೆ ಸೋಪಿನ ನೊರೆ ಬಿಡಬಾರದು, ಅಷ್ಟೇ ಅದರ ನಿಯಮ. ಮಧ್ಯಾಹ್ನ ಊಟದ ಗಂಟೆಗೆ ಮುಂಚೆ ನಲ್ಲಿಯ ಮುಂದೆ ಉದ್ದ ಸಾಲು, ಗಲಾಟೆ, ಹಾಡು, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ನೂಕಾಟ. ತಿಂಗಳು ತುಂಬುವ ಮೊದಲೇ ಅವಳಿಗೂ ಹೆಸರು ಬಿತ್ತು: ನಗು ಟೀಚರ್.

ಇಪ್ಪತ್ತೆರಡು ವರ್ಷ ಬೆವರು ಸುರಿಸಿದವರಿಗೆ ಉಗುರು, ಇಪ್ಪತ್ತೆರಡು ದಿನ ಹಾಡು ಹೇಳಿದವಳಿಗೆ ನಗು. ಸ್ಟಾಫ್ ರೂಮಿನಲ್ಲಿ ಅವರು, "ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಯಾರೂ ನಗದಿದ್ದಾಗ ತಮ್ಮಷ್ಟಕ್ಕೆ ತಾವೇ ನಕ್ಕರು. ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಗಿತ್ತು. ಅದನ್ನು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ಅವರು ತಯಾರಿರಲಿಲ್ಲ. ಶಿಸ್ತಿನ ಬಗೆಗಿನ ಕಾಳಜಿ ಎಂದು ಅದಕ್ಕೆ ಹೆಸರಿಟ್ಟಿದ್ದರು. ಆದರೆ ಬೆಳಿಗ್ಗೆ ಗೇಟಿನಲ್ಲಿ ನಿಂತು, ಎಷ್ಟು ಮಕ್ಕಳು ತಮಗೆ ನಮಸ್ಕಾರ ಹೇಳಿದರು, ಎಷ್ಟು ಮಕ್ಕಳು ಅವಳಿಗೆ ಹೇಳಿದರು ಎಂದು ಎಣಿಸುವುದಕ್ಕೆ ಯಾವ ಶಿಸ್ತೂ ಬೇಕಾಗಿರಲಿಲ್ಲ. ತಮ್ಮ ಮುಂದೆ ಕೈಯನ್ನು ಬೆನ್ನ ಹಿಂದೆ ಬಚ್ಚಿಡುವ ಮಕ್ಕಳೇ, ಅವಳನ್ನು ಕಂಡರೆ ಹತ್ತೂ ಬೆರಳು ಅಗಲಿಸಿ ಓಡಿಹೋಗಿ ತೋರಿಸುತ್ತಿದ್ದರು. ಅದನ್ನು ನೋಡಿದ ದಿನ ಅವರಿಗೆ ಊಟ ಸೇರಲಿಲ್ಲ.

ಒಂದು ಬೆಳಿಗ್ಗೆ ಮನೆಯ ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡಿದರು. ಅವರ ಯಜಮಾನರು ಟೈಲರ್. ಮನೆಯ ಮುಂಭಾಗದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಒಳಗೆ ಇಣುಕಿದವರು ಸೂಜಿ ತೆಗೆದು, "ಯಾಕೇ, ಹಲ್ಲು ನೋಯ್ತಿದೆಯಾ?" ಎಂದು ಕೇಳಿದರು. ಅಂದು ಯಜಮಾನರಿಗೆ ಬೆಳಗಿನ ಕಾಫಿ ಸಿಗಲಿಲ್ಲ.

ಹಾಡನ್ನೂ ಪ್ರಯತ್ನಿಸಿ ನೋಡಿದರು. ಉಗುರಿನ ಮೇಲೆ ನಾಲ್ಕು ಸಾಲು ಪ್ರಾಸ ಹೊಂದಿಸಿ, ಸೋಮವಾರ ಸಾಲಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಹಾಡಿದರು. ಮಕ್ಕಳು ಕೈಕಟ್ಟಿ ನಿಂತು ಕೇಳಿದರು. ಕೊನೆಗೆ ಮುಂದಿನ ಸಾಲಿನ ಒಬ್ಬಳು ಕೈ ಎತ್ತಿ, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ವಿನಯದಿಂದ ವಿಚಾರಿಸಿದಳು.

ಇಷ್ಟಕ್ಕೇ ನಿಂತಿದ್ದರೆ ಕಾಲ ಕಳೆದ ಹಾಗೆ ಕಿಚ್ಚೂ ಆರುತ್ತಿತ್ತೇನೋ. ಆದರೆ ಹೊಸ ಟೀಚರ್ ಕಣ್ಣಿನ ಪರೀಕ್ಷೆಗೇ ಕೈ ಹಾಕಿದಳು. ವಿಜ್ಞಾನದ ಪಾಠದಲ್ಲಿ ಕೆಲವು ಮಕ್ಕಳು ಬೋರ್ಡಿನತ್ತ ಕಣ್ಣು ಕಿರಿದು ಮಾಡುವುದನ್ನು ನೋಡಿ, ರಟ್ಟಿನ ಮೇಲೆ ತಾನೇ ಒಂದು ಪಟ ಮಾಡಿದಳು. ಅದರಲ್ಲಿ ಅಕ್ಷರವೇ ಇಲ್ಲ; ಮೂರು ಹಲ್ಲಿನ ಬಾಚಣಿಗೆಯಂಥ ಒಂದು ಗುರುತು, ಮೇಲಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ ತಿರುಗಿಸಿ ಬರೆದದ್ದು. ಹಲ್ಲು ಯಾವ ಕಡೆಗಿದೆಯೋ ಮಗು ಆ ಕಡೆ ಕೈ ತೋರಿಸಬೇಕು. ನಾಲ್ಕು, ಐದನೇ ಕ್ಲಾಸಿನವರನ್ನು ನೋಡಿ ಮುಗಿಸಿ, ಒಂದು ಪಟ್ಟಿ ಹಿಡಿದುಕೊಂಡು ಹೆಡ್ ಮೇಷ್ಟ್ರ ಮುಂದೆ ನಿಂತಳು. ಉಗುರು ಟೀಚರ್ ಅಲ್ಲೇ ಇದ್ದರು.

ಹನ್ನೊಂದು ಮಕ್ಕಳಿಗೆ ದೂರದ್ದು ಕಾಣುವುದಿಲ್ಲ ಎಂದಳು. ಹತ್ತು ದಿನದಲ್ಲಿ ಕಣ್ಣಾಸ್ಪತ್ರೆಯ ವ್ಯಾನು ಈ ಕಡೆಯ ಶಾಲೆಗಳಿಗೆ ಬರುತ್ತದೆ, ಪಟ್ಟಿ ಕಳಿಸಿದರೆ ಅವರೇ ನೋಡಿ ಕನ್ನಡಕ ಕೊಡುತ್ತಾರೆ, ಮತ್ತೆ ಬರುವುದು ಎರಡು ವರ್ಷಕ್ಕೆ. ಪಟ್ಟಿಗೆ ಶಾಲೆಯ ಆರೋಗ್ಯ ಶಿಕ್ಷಕರ ಸಹಿ ಬೇಕು ಎಂದು ಅದನ್ನು ಉಗುರು ಟೀಚರ ಮುಂದೆ ಇಟ್ಟಳು. ಹೆಡ್ ಮೇಷ್ಟ್ರು ಕತ್ತು ಚಾಚಿ, ನಿಮ್ಮ ಪುಸ್ತಕದಲ್ಲಿ ಈ ವರ್ಷ ಎಷ್ಟಿದೆ ಎಂದು ಕೇಳಿದರು. ಕೇಳಬೇಕಾದದ್ದೇ, ಅವರದೇನೂ ತಪ್ಪಿಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

"ಒಂದೂ ಇಲ್ಲ ಸರ್," ಎಂದರು ಉಗುರು ಟೀಚರ್. "ರಟ್ಟಿನ ಮೇಲೆ ಬಾಚಣಿಗೆ ಬರೆದು ತೋರಿಸಿದ್ರೆ ಮಕ್ಕಳು ಇನ್ನೇನು ಮಾಡ್ತಾವೆ? ಕೈ ಎತ್ತೋದೋ ತಲೆ ಬಾಚ್ಕೊಳ್ಳೋದೋ ಗೊತ್ತಾಗಿರಲ್ಲ. ನಾನು ಸಹಿ ಹಾಕಲ್ಲ."

ಹೊಸ ಟೀಚರ್ ವಾದ ಮಾಡಲಿಲ್ಲ. ಒಂದು ಸಲ ಜೊತೆಯಲ್ಲಿ ಕೂತು ನೋಡೋಣವೇ ಎಂದಷ್ಟೇ ಕೇಳಿದಳು. ಆ ಮೆದು ದನಿ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಜಗಳವಾಡಿದ್ದರೆ ಎಷ್ಟೋ ಮೇಲಿತ್ತು. ಇಬ್ಬರ ಮಧ್ಯೆ ಸಿಕ್ಕಿಕೊಂಡ ಹೆಡ್ ಮೇಷ್ಟ್ರು ತಮಗೆ ತಿಳಿದ ದಾರಿ ಹಿಡಿದರು: ಶನಿವಾರ ಆ ಹನ್ನೊಂದು ಮಕ್ಕಳನ್ನು ನನ್ನ ರೂಮಿಗೆ ಕರೆತನ್ನಿ, ಶಾಲೆಯ ಪಟದಲ್ಲೇ ಎಲ್ಲರೆದುರು ಓದಿಸೋಣ, ಓದಿದರೆ ಪಟ್ಟಿ ಹರಿದು ಹಾಕೋಣ, ಓದದಿದ್ದರೆ ಸಹಿ ಹಾಕಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಹಾಗೇ ಆಗಲಿ ಎಂದು ಉಗುರು ಟೀಚರ್ ಎದ್ದು ಬಂದರು.

ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಅವರದೇ ಕ್ಲಾಸಿನ ಹುಡುಗಿಯದು. ಬೀಗ ರಿಪೇರಿಯವನ ಕಿರಿ ಮಗಳು, ಮೈ ಕೈ ಸಣ್ಣಗಿದ್ದುದರಿಂದ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಬಾಯಿಲೆಕ್ಕದಲ್ಲಿ ಚುರುಕು. ಬರೆಯುವ ಕೆಲಸ ಬಂತೆಂದರೆ ಪಕ್ಕದವಳ ಪುಸ್ತಕಕ್ಕೆ ಮೂಗು ತಾಗಿಸಿ ಕಾಪಿ. ಎಷ್ಟು ಹೇಳಿದರೂ ಬಿಡದಿದ್ದಕ್ಕೆ ಉಗುರು ಟೀಚರ್ ಅವಳನ್ನು ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದರು. ಕದಿಯಲು ಪಕ್ಕದಲ್ಲಿ ಯಾರೂ ಇಲ್ಲವಾದರೆ ತಾನಾಗಿ ದಾರಿಗೆ ಬರುತ್ತಾಳೆ ಎಂಬುದು ಅವರ ಲೆಕ್ಕ.

ಗುರುವಾರ ಆ ಬೀಗ ರಿಪೇರಿಯವನು ಶಾಲೆಗೆ ಬಂದ. ಮಗಳಿಗೆ ಕಣ್ಣು ಸರಿಯಿಲ್ಲವಂತೆ, ಹೊಸ ಟೀಚರ್ ಚೀಟಿ ಕಳಿಸಿದ್ದಾರೆ, ಮನೆಯಲ್ಲಿ ಅವಳ ಅಮ್ಮ ಅಳುತ್ತ ಕೂತಿದ್ದಾಳೆ ಎಂದ. ಕೈಗೆ ಹತ್ತಿದ ಎಣ್ಣೆಯ ಕರೆಯನ್ನು ಪ್ಯಾಂಟಿಗೆ ಉಜ್ಜುತ್ತ ನಿಂತಿದ್ದ. ಅವನ ಕಣ್ಣಲ್ಲಿದ್ದ ಹೆದರಿಕೆ ಕಂಡು ಉಗುರು ಟೀಚರಿಗೆ ಪಾಪ ಎನಿಸಿತು. ಅವನು ಹೊಸ ಟೀಚರ್ ಹತ್ತಿರ ಹೋಗದೆ ಮೊದಲು ತಮ್ಮ ಬಳಿಗೇ ಬಂದನಲ್ಲ ಎಂದು ಹೊಟ್ಟೆಗೆ ಹಾಲು ಹೊಯ್ದ ಹಾಗೆಯೂ ಆಯಿತು. "ನಿಮ್ಮ ಮಗಳದು ಹದ್ದಿನ ಕಣ್ಣು," ಎಂದರು. "ಮೂರು ವರ್ಷದಿಂದ ನಾನೇ ನೋಡ್ತಿದೀನಿ. ಆ ಚೀಟಿ ಹರಿದು ಬಿಸಾಕಿ." ಅವನು ಕೈಮುಗಿದು, ಹೆಗಲ ಮೇಲಿನ ಮೂಟೆ ಇಳಿಸಿದವನ ಹಾಗೆ ಹೊರಟುಹೋದ.

ಶುಕ್ರವಾರ ಸಂಜೆ, ಕೊನೆಯ ಗಂಟೆ ಹೊಡೆದ ಮೇಲೆ, ಅವರು ಪಟವನ್ನು ಮೊಳೆಯಿಂದ ತೆಗೆದರು. ಒದ್ದೆ ಬಟ್ಟೆಯಲ್ಲಿ ಅದರ ಧೂಳು ಒರೆಸಿ, ಹೆಡ್ ಮೇಷ್ಟ್ರ ರೂಮಿಗೆ ಒಯ್ದು, ನಾಳೆಗೆಂದು ಗೋಡೆಗೆ ತೂಗುಹಾಕಿ, ಅಲ್ಲಿಯೂ ನೆಲದ ಮೇಲೆ ಒಂದು ಗೆರೆ ಎಳೆದು ಬಂದರು. ಆಮೇಲೆ ತಮ್ಮ ಕೋಣೆಯಲ್ಲಿ ಕೂತು ಆರೋಗ್ಯದ ಪುಸ್ತಕದಲ್ಲಿ ಹನ್ನೊಂದು ಮಕ್ಕಳ ಹಾಳೆಗಳನ್ನು ಹುಡುಕತೊಡಗಿದರು. ಮಕ್ಕಳು ಹೆಡ್ ಮೇಷ್ಟ್ರನ್ನು ಕಂಡು ಹೆದರಿ ತೊದಲಿದರೆ ಕೆಲಸ ಕೆಡುತ್ತದೆ, ಒಬ್ಬೊಬ್ಬರಿಗೇ ಧೈರ್ಯ ಹೇಳಿ ಕಳಿಸೋಣ ಎಂದು ಅವರನ್ನು ಹೊರಗೆ ನಿಲ್ಲಿಸಿಕೊಂಡಿದ್ದರು. ಮೊದಲು ಗುಬ್ಬಿಯನ್ನು ಕರೆದರು.

ಹುಡುಗಿ ಬಂದು ಗೆರೆಯ ಮೇಲೆ ನಿಂತಳು. ಆ ಕೋಣೆಗೆ ಬಂದರೆ ಅಲ್ಲೇ ನಿಲ್ಲಬೇಕೆಂದು ಎಲ್ಲ ಮಕ್ಕಳಿಗೂ ಗೊತ್ತು. ಟೀಚರ್ ಪುಸ್ತಕದಿಂದ ತಲೆ ಎತ್ತದೆ, ಅಭ್ಯಾಸಬಲದಿಂದ, "ಎಲ್ಲಿ, ಒಂದ್ಸಲ ಓದು ನೋಡೋಣ" ಎಂದರು. ಗುಬ್ಬಿ ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡು ಅರಳು ಹುರಿದ ಹಾಗೆ ಏಳೂ ಸಾಲು ಓದಿದಳು. ಬಲಗಣ್ಣು ಮುಚ್ಚಿ ಇನ್ನೊಮ್ಮೆ ಓದಿದಳು. ಒಂದು ಅಕ್ಷರ ತಪ್ಪಲಿಲ್ಲ. ಇನ್ನೇನು ಬೇಕು ಎಂದುಕೊಂಡು ಟೀಚರ್ ಸರಿ ಗುರುತು ಹಾಕಿ, ಪೆನ್ನಿನ ಮುಚ್ಚಳ ಹಾಕಿ, ತಲೆ ಎತ್ತಿದರು.

ಗೋಡೆಯ ಮೇಲೆ ಮೊಳೆ ಇತ್ತು. ಮೊಳೆಯ ಕೆಳಗೆ, ಇಷ್ಟು ವರ್ಷ ಪಟ ಮುಚ್ಚಿಟ್ಟಿದ್ದ ಜಾಗ, ಸುತ್ತಲಿನ ಸುಣ್ಣಕ್ಕಿಂತ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು.

ಹುಡುಗಿ ಮುಂಗೈ ಚಾಚಿಕೊಂಡು ನಿಂತಿದ್ದಳು, ನಕ್ಷತ್ರಕ್ಕೆ.

"ಎಲ್ಲಿ ನೋಡಿ ಓದಿದೆ ಮಗಾ?"

"ಅಲ್ಲಿ ಟೀಚರ್." ಅವಳು ಗೋಡೆ ತೋರಿಸಿದಳು.

"ಪಟ ಕಾಣ್ತಿದೆಯಾ?"

"ಕಾಣ್ತಿದೆ. ಬೆಳ್ಳಗಿದೆ."

"ಅಕ್ಷರ?"

ಗುಬ್ಬಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಕ್ಷರ ಬಾಯಲ್ಲಿ ಇರತ್ತಲ್ವಾ ಟೀಚರ್," ಎಂದಳು. ಒಂದನೇ ಕ್ಲಾಸಿನಲ್ಲಿ ಬರಲಿಲ್ಲ ಎಂದು ನೀವು ವಾಪಸು ಕಳಿಸಿದಿರಿ, ಓದಿಕೊಂಡು ಬಾ ಎಂದಿರಿ, ಅಕ್ಕ ಕೂರಿಸಿಕೊಂಡು ಹೇಳಿಕೊಟ್ಟಳು, ಅಕ್ಕನಿಗೆ ಎದುರು ಮನೆಯ ಅಣ್ಣ ಹೇಳಿಕೊಟ್ಟಿದ್ದ ಎಂದು ವಿವರಿಸಿದಳು. ನಾವು ಹಗ್ಗ ಹಾರುವ ಆಟ ಆಡುವಾಗಲೂ ಅದನ್ನೇ ಹೇಳುತ್ತೇವೆ ಎಂದಳು.

ಅವಳ ಮುಂಗೈ ಮೇಲೆ ನಕ್ಷತ್ರ ಬರೆದು ಕಳಿಸಿದರು. ಇನ್ನೇನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಉಳಿದ ಮಕ್ಕಳನ್ನು ಒಳಗೆ ಕರೆಯದೆ ಮನೆಗೆ ಹೋಗಿ ಎಂದರು.

ದಾರಿಯುದ್ದಕ್ಕೂ ಅವರ ತಲೆಯಲ್ಲಿ ಇದ್ದದ್ದು ಮಕ್ಕಳ ಕಣ್ಣು ಎಂದು ಹೇಳಿದರೆ ಸುಳ್ಳಾಗುತ್ತದೆ. ಇದ್ದದ್ದು ಹೊಸ ಟೀಚರ ಮುಖ. ನಾಳೆ ಹನ್ನೊಂದು ಮಕ್ಕಳೂ ಗಡಗಡ ಓದುತ್ತವೆ. ಅವಳ ರಟ್ಟು, ಅವಳ ಬಾಚಣಿಗೆ, ಅವಳ ಒಸಡು, ಎಲ್ಲ ಮುಚ್ಚಿಹೋಗುತ್ತವೆ. ಖಾಲಿ ಗೋಡೆಯನ್ನು ನೋಡಿದವರು ಯಾರು? ತಾವೊಬ್ಬರೇ. ಗುಬ್ಬಿಗೆ ತಾನು ಖಾಲಿ ಗೋಡೆ ಓದಿದೆ ಎಂಬುದೇ ಗೊತ್ತಿಲ್ಲ. ತಾವು ತುಟಿ ಬಿಚ್ಚದಿದ್ದರೆ ಆಯಿತು. ಒಂದು ದಿನ, ಒಂದೇ ಒಂದು ದಿನ ಅವಳ ಮುಖ ಸಪ್ಪಗಾಗುವುದನ್ನು ನೋಡಬೇಕು. ಆಮೇಲೆ ಬೇಕಾದರೆ ಬೇರೆ ಪಟ ತಂದು ತಾವೇ ಗುಟ್ಟಾಗಿ ಪರೀಕ್ಷೆ ಮಾಡಿದರಾಯಿತು. ವ್ಯಾನು ಎರಡು ವರ್ಷ ಬರುವುದಿಲ್ಲ ಎಂಬ ಮಾತು ಆಗಾಗ ತಲೆ ಹಾಕುತ್ತಿತ್ತು. ಅದನ್ನು ಅವರು ತಳ್ಳುತ್ತಿದ್ದರು.

ಮನೆಯಲ್ಲಿ ಯಜಮಾನರು ಯಾರದೋ ಕೋಟಿನ ಅಸ್ತರಿ ಬಿಚ್ಚುತ್ತ ಕೂತಿದ್ದರು. ನಾಳೆಯ ಪಂದ್ಯದ ವಿಷಯ ಅವರಿಗೆ ಗೊತ್ತಿತ್ತು. ಆ ವಾರವಿಡೀ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. "ಏನೇ, ನಾಳೆ ಗೆಲ್ತೀಯಾ?" ಎಂದು ಕೇಳಿದರು. ಗೆಲ್ಲುತ್ತೇನೆ ಎಂದರು ಇವರು. ಹಾಗಾದರೆ ಮುಖ ಯಾಕೆ ಹಾಗಿದೆ ಎಂದು ಅವರು ಕೇಳುತ್ತಿದ್ದಂತೆ ಒಳಗೆ ಹೋಗಿ, ಬೇಕಿಲ್ಲದಿದ್ದರೂ ಪಾತ್ರೆ ತೊಳೆಯತೊಡಗಿದರು.

ಶನಿವಾರ ಹೆಡ್ ಮೇಷ್ಟ್ರ ರೂಮು ತುಂಬಿತ್ತು. ಇಬ್ಬರು ಮೇಷ್ಟ್ರುಗಳು ಕೆಲಸವಿಲ್ಲದಿದ್ದರೂ ಬಂದು ಕಿಟಕಿಯ ಹತ್ತಿರ ನಿಂತಿದ್ದರು. ಬೀಗ ರಿಪೇರಿಯವನೂ ಸೇರಿ ನಾಲ್ಕಾರು ಅಪ್ಪ ಅಮ್ಮಂದಿರು ಬಾಗಿಲ ಬಳಿ. ಹೊಸ ಟೀಚರ್ ರಟ್ಟನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಮೊದಲನೆಯ ಹುಡುಗ ಗೆರೆಯ ಮೇಲೆ ನಿಂತು ಏಳೂ ಸಾಲು ಓದಿದ. ಹೆಡ್ ಮೇಷ್ಟ್ರು ತಲೆಯಾಡಿಸಿದರು. ಎರಡನೆಯವನು ಓದಿದ. ಮೂರನೆಯವಳು ಇನ್ನೂ ಜೋರಾಗಿ ಓದಿದಳು. ಕಿಟಕಿಯ ಹತ್ತಿರದ ಮೇಷ್ಟ್ರುಗಳಲ್ಲಿ ಒಬ್ಬರು ಕಿಸಕ್ಕೆಂದರು.

ಉಗುರು ಟೀಚರ್ ಮೂಲೆಯ ಕಡೆ ನೋಡಿದರು. ಹೊಸ ಟೀಚರ ಕಿವಿ ಕೆಂಪಾಗಿತ್ತು. ಅವಳು ಒಮ್ಮೆ ತನ್ನ ಪಟ್ಟಿ ನೋಡಿಕೊಂಡಳು, ಒಮ್ಮೆ ಮಕ್ಕಳನ್ನು ನೋಡಿದಳು, ತನ್ನದೇ ತಪ್ಪಾಯಿತೇ ಎಂದು ಅವಳಿಗೇ ಅನುಮಾನ ಹುಟ್ಟಿದ್ದು ಮುಖದಲ್ಲಿ ಕಾಣುತ್ತಿತ್ತು. ಇದನ್ನೇ ಅಲ್ಲವೇ ಬಯಸಿದ್ದು? ಬಾಯಾರಿದವರು ನೀರು ಕುಡಿಯುವ ಹಾಗೆ ಉಗುರು ಟೀಚರ್ ಆ ಮುಖವನ್ನು ನೋಡಿದರು. ನಿಜ ಹೇಳಬೇಕೆಂದರೆ ತುಂಬ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುತ್ತದೆ ಎಂದು ಅವರೂ ಎಣಿಸಿರಲಿಲ್ಲ.

ನಾಲ್ಕನೆಯದು ಗುಬ್ಬಿ. ನಿನ್ನೆಯ ಕೆಂಪು ನಕ್ಷತ್ರ ಮಾಸದೆ ಇನ್ನೂ ಮುಂಗೈ ಮೇಲಿತ್ತು. ಅದು ಅಳಿಯದಿರಲೆಂದು ಕೈ ತೊಳೆದುಕೊಂಡಿರಲಿಲ್ಲ. ಬಾಗಿಲಲ್ಲಿದ್ದ ಅವಳಪ್ಪ ಪಕ್ಕದವನಿಗೆ ಪಿಸುದನಿಯಲ್ಲಿ ಹೇಳುತ್ತಿದ್ದುದು ಉಗುರು ಟೀಚರಿಗೆ ಕೇಳಿಸಿತು: ನಮ್ಮದು ಹದ್ದಿನ ಕಣ್ಣು, ಟೀಚರೇ ಹೇಳಿದ್ದಾರೆ. ಗುಬ್ಬಿ ಕಣ್ಣಿಗೆ ಅಂಗೈ ಮುಚ್ಚಿ ಬಾಯಿ ತೆರೆದಳು.

"ನಿಲ್ಲು ಮಗಾ," ಎಂದರು ಉಗುರು ಟೀಚರ್.

ಎದ್ದು ಹೋಗಿ ಅವಳ ಎರಡೂ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿ ನಿಲ್ಲಿಸಿದರು. ಪಟ ಈಗ ಅವಳ ಬೆನ್ನ ಹಿಂದಿತ್ತು. "ಈಗ ಓದು," ಎಂದರು.

ಗುಬ್ಬಿ ಅಪ್ಪನ ಮುಖ ನೋಡುತ್ತ ಏಳೂ ಸಾಲು ಓದಿದಳು. ಟೀಚರ್ ಮೊದಲಿನ ಮೂವರನ್ನೂ ಕರೆದು ಬೆನ್ನು ತಿರುಗಿಸಿ ನಿಲ್ಲಿಸಿದರು. ನಾಲ್ವರೂ ಒಟ್ಟಿಗೆ, ರಾಗವಾಗಿ, ಹಗ್ಗದಾಟದ ತಾಳಕ್ಕೆ ಓದಿದರು. ಉಳಿದ ಏಳು ಮಕ್ಕಳೂ ತಡೆಯಲಾರದೆ ದನಿ ಕೂಡಿಸಿದವು.

"ಸರ್, ಇಷ್ಟು ವರ್ಷ ನಾನು ಇವರ ಬಾಯಿಪಾಠ ಪರೀಕ್ಷೆ ಮಾಡಿದೀನಿ," ಎಂದರು ಉಗುರು ಟೀಚರ್. "ಕಣ್ಣು ಪರೀಕ್ಷೆ ಮಾಡಿದ್ದು ಅವರು." ಹೊಸ ಟೀಚರ ಕಡೆಗೆ ಕೈ ತೋರಿಸಿದರೇ ಹೊರತು ಮುಖ ತಿರುಗಿಸಲಿಲ್ಲ. ಬೀಗ ರಿಪೇರಿಯವನ ಮುಂದೆ ನಿಂತು, ಗುರುವಾರ ನಾನು ಹೇಳಿದ್ದು ತಪ್ಪು, ನೋಡದೆ ಹೇಳಿದೆ ಎಂದರು. ಪಟ್ಟಿಗೆ ಸಹಿ ಹಾಕಿದರು. ಕೈಚೀಲದಿಂದ ಬೀರುವಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

ಆಗ ಹೊಸ ಟೀಚರ್ ಮಾಡಿದ್ದನ್ನು ಅವರು ಬಹಳ ದಿನ ಕ್ಷಮಿಸಲಿಲ್ಲ. ಅವಳು ಮೂಲೆಯಿಂದ ಬಂದು, ಬೀಗದ ಕೈ ಎತ್ತಿ, ಅವರ ಅಂಗೈಯಲ್ಲೇ ಇಟ್ಟು, ಇದು ನಿಮ್ಮದೇ ಟೀಚರ್, ನಾನು ನಿಮ್ಮ ಕೈಕೆಳಗೆ ಕೆಲಸ ಮಾಡುತ್ತೇನೆ, ಉಗುರು ನೋಡುವುದು ನನಗೆ ಬರುವುದಿಲ್ಲ ಎಂದಳು. ಕಣ್ಣಲ್ಲಿ ನೀರು ಬೇರೆ. ಕಿಟಕಿಯ ಹತ್ತಿರದ ಮೇಷ್ಟ್ರುಗಳು ಎಂಥ ಒಳ್ಳೆಯ ಹುಡುಗಿ ಎಂದು ಲೊಚಗುಟ್ಟಿದರು. ಇಲ್ಲಿಯೂ ಅವಳೇ ಗೆದ್ದಳಲ್ಲ ಎಂದು ಉಗುರು ಟೀಚರಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ತಪ್ಪು ಒಪ್ಪಿಕೊಂಡವರು ತಾವು, ಹೊಗಳಿಕೆ ಬಾಚಿಕೊಂಡವಳು ಅವಳು. ಬೀಗದ ಕೈಯನ್ನು ಮಾತ್ರ ವಾಪಸು ತೆಗೆದುಕೊಂಡರು. ಬೇಡ ಎನ್ನುವಷ್ಟು ದೊಡ್ಡತನ ಅವರಲ್ಲಿರಲಿಲ್ಲ.

ವ್ಯಾನು ಬಂತು. ಹನ್ನೊಂದರಲ್ಲಿ ಒಂಬತ್ತು ಮಕ್ಕಳಿಗೆ ಕನ್ನಡಕ ಬೇಕಾಯಿತು, ಇಬ್ಬರಿಗೆ ಔಷಧಿ ಸಾಕಾಯಿತು. ಉಗುರು ಟೀಚರ್ ಬೀರುವಿನಿಂದ ಹಳೆಯ ಪುಸ್ತಕಗಳನ್ನು ಹೊರಗೆ ತೆಗೆದರು. ಉಳಿದ ಕ್ಲಾಸುಗಳನ್ನು ಮೊದಲಿನಿಂದ ನೋಡಲು ಇಬ್ಬರೂ ಟೀಚರುಗಳು ಊಟದ ಹೊತ್ತಿನಲ್ಲಿ ಒಟ್ಟಿಗೆ ಕೂರತೊಡಗಿದರು. ಮಾತು ಕಡಿಮೆ, ಕೆಲಸ ಹೆಚ್ಚು. ಕೆಲಸದ ಮಧ್ಯೆ ಅವಳು ನಕ್ಕರೆ ಇವರಿಗೆ ಈಗಲೂ ಒಳಗೊಳಗೇ ಚುಚ್ಚುತ್ತಿತ್ತು. ಇಷ್ಟಾದ ಮೇಲೂ ಚುಚ್ಚುತ್ತದಲ್ಲ ಎಂದು ನಾಚಿಕೆಯಾಗುತ್ತಿತ್ತು, ಆದರೂ ಚುಚ್ಚುತ್ತಿತ್ತು.

ಕನ್ನಡಕ ಬಂದ ದಿನ ಆ ಒಂಬತ್ತು ಮಕ್ಕಳೂ ವರಾಂಡದಲ್ಲಿ ಓಡಿದ್ದು ನಗು ಟೀಚರ ಕಡೆಗೇ. ಉಗುರು ಟೀಚರ್ ತಮ್ಮ ಕ್ಲಾಸಿನ ಬಾಗಿಲಲ್ಲಿ ನಿಂತು ನೋಡಿದರು. ಓಡಲೇಬೇಕು, ನ್ಯಾಯವೇ, ಕಣ್ಣು ಕೊಟ್ಟವಳು ಅವಳು ಎಂದು ತಮಗೆ ತಾವೇ ಹೇಳಿಕೊಂಡರು. ಒಳಗೆ ಹೋಗಿ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ತುಂಬ ಲೆಕ್ಕ ಬರೆದರು.

ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಗುಬ್ಬಿ ಒಬ್ಬಳೇ ಉಳಿದಳು. ಕೊನೆಯ ಬೆಂಚಿನಿಂದ ಎದ್ದು ಟೀಚರ ಮೇಜಿನ ಹತ್ತಿರ ಬಂದಳು. ಕನ್ನಡಕ ಮುಖಕ್ಕಿಂತ ದೊಡ್ಡದಾಗಿತ್ತು, ಜಾರದಂತೆ ಹಿಂದೆ ದಾರ ಕಟ್ಟಿದ್ದರು. ಅವಳು ಬೋರ್ಡನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನೋಡಿದಳು.

"ಟೀಚರ್, ನೀವು ದಿನಾ ಇಷ್ಟೊಂದು ಬರೀತಿದ್ರಾ?"

"ಹೂಂ. ಯಾಕೆ?"

"ನೀವು ದಿನಾ ಬೋರ್ಡ್ ಒರೆಸ್ತಾ ಇರ್ತೀರ ಅಂದ್ಕೊಂಡಿದ್ದೆ."

ಉಗುರು ಟೀಚರ್ ಮೇಜಿನ ಅಂಚು ಹಿಡಿದುಕೊಂಡರು. ಬಾಯಿಗೆ ಬಂದದ್ದು, ಇಷ್ಟು ದಿನದ ಅಭ್ಯಾಸದಿಂದ, ಒಂದೇ ಪ್ರಶ್ನೆ. "ಇದನ್ನ ನಗು ಟೀಚರ್‌ಗೆ ಹೇಳಿದ್ಯಾ?"

"ಇಲ್ಲ ಟೀಚರ್," ಎಂದಳು ಗುಬ್ಬಿ. "ಮೊದಲು ನಿಮಗೇ ಹೇಳ್ತಿರೋದು."

ಯಾವುದಾದರೂ ಒಂದು ಮಗು ಮೊದಲು ತಮ್ಮ ಹತ್ತಿರ ಬಂದು ಏನಾದರೂ ಹೇಳಲಿ ಎಂದು ಅವರು ಆ ವರ್ಷವೆಲ್ಲ ಹೊಟ್ಟೆ ಉರಿಸಿಕೊಂಡಿದ್ದರು. ಈ ಒಂದನ್ನು ಮಾತ್ರ ನಗು ಟೀಚರಿಗೇ ಹೇಳಿದ್ದರೆ ಆಗುತ್ತಿತ್ತು.